ಅಕ್ಕನ ಎದೆಯ ಚುಕ್ಕೆಗಳು: ಹೊಳಲ್ಕೆರೆಯ ಪತ್ರಕ್ಕೆ ಉತ್ತರ

ಪತ್ರದ ಸಾರ: ಹೊಳಲ್ಕೆರೆಯ ಓದುಗರೊಬ್ಬರ 42 ವರ್ಷದ ಅಕ್ಕನಿಗೆ ಪಿತ್ತಕೋಶದ ಕಲ್ಲಿನ ಆಪರೇಷನ್‌ಗೆ ಮುನ್ನ ತೆಗೆಸಿದ ಎಕ್ಸ್‌ರೇಯಲ್ಲಿ ಎರಡೂ ಶ್ವಾಸಕೋಶಗಳ ತುಂಬ ಸಣ್ಣ ಚುಕ್ಕೆಗಳು ಕಂಡವು. ಕೆಮ್ಮಿಲ್ಲ, ಜ್ವರವಿಲ್ಲ. ಕಫ ಪರೀಕ್ಷೆಯಲ್ಲಿ ಏನೂ ಸಿಗದಿದ್ದರೂ ಕೇರಿಯವರು ಟಿಬಿ ಎಂದೇ ಆಡಿಕೊಂಡರು. ದಾವಣಗೆರೆಯಲ್ಲಿ ಬಯಾಪ್ಸಿ ಆದ ಮೇಲೆ ಬಂದ ಹೆಸರು ‘ಎಪಿಥೀಲಿಯಾಯ್ಡ್ ಹಿಮ್ಯಾಂಜಿಯೋಎಂಡೋಥೀಲಿಯೋಮಾ’. ವೈದ್ಯರು ಸದ್ಯಕ್ಕೆ ಔಷಧಿ ಬೇಡ, ಮೂರು ತಿಂಗಳ ನಂತರ ಮತ್ತೆ ಸ್ಕ್ಯಾನ್ ಮಾಡಿ ನೋಡೋಣ ಎಂದಿದ್ದಾರೆ. “ಇದು ಕ್ಯಾನ್ಸರೇ? ಹೌದಾದರೆ ಸುಮ್ಮನಿರುವುದೇಕೆ? ನಮ್ಮ ಅಕ್ಕನನ್ನು ಕೈಬಿಟ್ಟರೇ?” ಎಂಬುದು ಅವರ ಪ್ರಶ್ನೆ.

ಮಾನ್ಯರೇ,

ನಿಮ್ಮ ಪತ್ರವನ್ನು ಎರಡು ಬಾರಿ ಓದಿದೆ. ಮೊದಲ ಪ್ರಶ್ನೆಗೆ ಉತ್ತರ ಹೌದು, ಇದು ಕ್ಯಾನ್ಸರ್ ಜಾತಿಗೇ ಸೇರಿದ್ದು. ಆದರೆ ನಾವು ನೀವು ಕೇಳಿ ಬಲ್ಲ ಶ್ವಾಸಕೋಶದ ಕ್ಯಾನ್ಸರ್ ಇದಲ್ಲ. ರಕ್ತನಾಳಗಳ ಒಳಮೈಗೆ ಹಾಸಿದಂತಿರುವ ತೆಳು ಜೀವಕೋಶಗಳಿಂದ ಹುಟ್ಟುವ ಈ ಗಡ್ಡೆ ಹತ್ತು ಲಕ್ಷ ಜನರಲ್ಲಿ ಒಬ್ಬರಿಗೆ ಎನ್ನುವಷ್ಟು ಅಪರೂಪವಾಗಿದ್ದು, ಗಂಡಸರಿಗಿಂತ ಹೆಂಗಸರಲ್ಲಿ ಹೆಚ್ಚಾಗಿ ಕಾಣಿಸಿಕೊಳ್ಳುತ್ತದೆ. ಇದು ಅಂಟುರೋಗವಲ್ಲ. ಅಕ್ಕನ ತಟ್ಟೆ ಲೋಟ ಬೇರೆ ಇಡುವ ಅಗತ್ಯ ಯಾರಿಗೂ ಇಲ್ಲವೆಂಬುದನ್ನು ದಯವಿಟ್ಟು ಕೇರಿಯವರಿಗೂ ತಿಳಿಸಿ.

ಹೆಸರಿನ ಗೊಂದಲ ನಿಮ್ಮೊಬ್ಬರದಲ್ಲ. 1975ರಲ್ಲಿ ಡೈಲ್ ಮತ್ತು ಲೀಬೋ ಎಂಬ ಅಮೆರಿಕದ ತಜ್ಞರು ಇದನ್ನು ಶ್ವಾಸಕೋಶದಲ್ಲಿ ಮೊದಲು ಗುರುತಿಸಿದಾಗ, ಗಾಳಿಗೂಡುಗಳಲ್ಲಿ ಹುಟ್ಟಿ ರಕ್ತನಾಳಕ್ಕೆ ನುಗ್ಗಿದ ಗಡ್ಡೆಯೆಂದೇ ಭಾವಿಸಿದ್ದರು. ಮೂಲ ರಕ್ತನಾಳವೇ ಎಂಬುದು ಆಮೇಲೆ ತಿಳಿಯಿತು. ಈಗಿನ ಹೆಸರು 1982ರದು. ಹಿಂದೊಮ್ಮೆ ಇಲ್ಲಿನ ಪೆಥಾಲಜಿಸ್ಟರೊಬ್ಬರು ಸೂಕ್ಷ್ಮದರ್ಶಕದಲ್ಲಿ ಇಂಥದೊಂದು ಸ್ಲೈಡನ್ನು ನನಗೆ ತೋರಿಸಿದ್ದರು. ತಿಳಿಗುಲಾಬಿ ಲೋಳೆಯಂಥ ಹಿನ್ನೆಲೆಯಲ್ಲಿ ಅಲ್ಲೊಂದು ಇಲ್ಲೊಂದು ಜೀವಕೋಶ. ಒಂದರ ಹೊಟ್ಟೆಯೊಳಗೆ ಪುಟ್ಟ ಪೊಳ್ಳು, ಆ ಪೊಳ್ಳಿನಲ್ಲಿ ಒಂದೇ ಒಂದು ಕೆಂಪು ರಕ್ತಕಣ. ಒಂಟಿ ಜೀವಕೋಶವೇ ರಕ್ತನಾಳ ಕಟ್ಟಲು ಹೊರಟಂತಿದ್ದ ಆ ನೋಟವನ್ನು ನಾನು ಇನ್ನೂ ಮರೆತಿಲ್ಲ.

ಇನ್ನು ನಿಮ್ಮನ್ನು ಸುಡುತ್ತಿರುವ ಪ್ರಶ್ನೆ. ಗಂಟು ಒಂದೋ ಎರಡೋ ಇದ್ದರೆ ಆಪರೇಷನ್ ಮಾಡಿ ತೆಗೆಯುತ್ತಾರೆ. ಎರಡೂ ಕಡೆ ಹರಡಿದ್ದರೆ ಅದು ಆಗದ ಮಾತು, ಸಾಮಾನ್ಯ ಕಿಮೋಥೆರಪಿಗೂ ಈ ಗಡ್ಡೆ ಅಷ್ಟಾಗಿ ಬಗ್ಗುವುದಿಲ್ಲ. ಹಾಗೆಂದು ಎಲ್ಲರಲ್ಲೂ ಅದು ಓಡೋಡಿ ಬೆಳೆಯುವುದಿಲ್ಲ. ತೊಂದರೆಯಿಲ್ಲದವರಲ್ಲಿ ಎಷ್ಟೋ ವರ್ಷ ಇದ್ದಷ್ಟೇ ಇರುವುದುಂಟು, ತೀರಾ ಅಪರೂಪಕ್ಕೆ ತಾನಾಗಿಯೇ ಕುಗ್ಗಿದ್ದೂ ವೈದ್ಯಕೀಯ ದಾಖಲೆಗಳಲ್ಲಿದೆ. ಆದ್ದರಿಂದ ಗಡ್ಡೆಯ ನಡೆ ಯಾವ ಬಗೆಯದೆಂದು ತಿಳಿಯುವ ಮೊದಲೇ ದೇಹವನ್ನು ಔಷಧಿಗಳಿಂದ ಬಳಲಿಸದೆ ಗೊತ್ತಾದ ದಿನಕ್ಕೆ ಸ್ಕ್ಯಾನ್ ಮಾಡಿ ಅಳೆಯುತ್ತ ಹೋಗುವುದು ತಜ್ಞರು ಒಪ್ಪಿದ ಕ್ರಮ. ನಿಮ್ಮ ವೈದ್ಯರು ಕೈಬಿಟ್ಟಿಲ್ಲ, ಕಣ್ಣಿಟ್ಟಿದ್ದಾರೆ ಎಂದೇ ನನ್ನ ನಂಬಿಕೆ. ಬೆಳೆಯತೊಡಗಿದರೆ ಸಿರೋಲಿಮಸ್‌ನಂಥ ಮಾತ್ರೆಗಳನ್ನು ಕೊಡುವ ಪದ್ಧತಿಯೂ ಇದೆ.

ಆದರೆ ಕಫದಲ್ಲಿ ರಕ್ತ, ಏದುಸಿರು, ಎದೆನೋವು, ಕಾರಣವಿಲ್ಲದೆ ತೂಕ ಇಳಿಯುವುದು, ಇವುಗಳಲ್ಲಿ ಯಾವುದು ಕಂಡರೂ ಮೂರು ತಿಂಗಳು ಕಾಯದೆ ಅಂದೇ ಹೊರಡಿ. ಎದೆಗೂಡಿನಲ್ಲಿ ನೀರು ತುಂಬಿದರೆ ರೋಗದ ದಾರಿ ಬೇರೆಯೇ ಆಗುತ್ತದೆ. ಯಕೃತ್ತು ಮತ್ತು ಮೂಳೆಗಳಲ್ಲೂ ಇದೇ ಗಡ್ಡೆ ಇರಬಹುದಾದ್ದರಿಂದ ಅವನ್ನು ನೋಡಿದ್ದಾರೆಯೇ ಎಂದು ಕೇಳಿ.

ಇಷ್ಟು ಅಪರೂಪದ ರೋಗಕ್ಕೆ ಎರಡನೆಯ ಅಭಿಪ್ರಾಯ ಕೇಳಿದರೆ ಯಾವ ವೈದ್ಯರೂ ಬೇಸರಿಸಬಾರದು. ಬೆಂಗಳೂರಿನ ಕಿದ್ವಾಯಿ ಸಂಸ್ಥೆಗೆ ಹೋಗುವುದಾದರೆ ವರದಿಯ ಕಾಗದವೊಂದೇ ಸಾಲದು. ಬಯಾಪ್ಸಿಯ ಚೂರನ್ನು ಮೇಣದಲ್ಲಿ ಕೂಡಿಸಿದ ‘ಬ್ಲಾಕ್’ ಹಾಗೂ ಸ್ಲೈಡುಗಳನ್ನು ಲ್ಯಾಬಿಗೆ ಅರ್ಜಿ ಬರೆದುಕೊಟ್ಟು ಪಡೆಯಿರಿ. ಈ ಗಡ್ಡೆಗಳಲ್ಲಿ ಹೆಚ್ಚಿನವುಗಳಲ್ಲಿ ಎರಡು ಜೀನುಗಳು ಬೆಸೆದುಕೊಂಡಿರುತ್ತವೆಂದು 2011ರಲ್ಲಿ ಪತ್ತೆಯಾಯಿತು. ಅದನ್ನು ಖಚಿತಪಡಿಸಿಕೊಳ್ಳುವ ಪರೀಕ್ಷೆಗೆ ಬ್ಲಾಕೇ ಬೇಕು. ಅದು ಮೇಣವಾದ್ದರಿಂದ ಚಿತ್ರದುರ್ಗದ ಬಿಸಿಲಲ್ಲಿ ನಿಲ್ಲಿಸಿದ ಕಾರಿನೊಳಗೆ ಬಿಡದೆ ಕೈಚೀಲದಲ್ಲೇ ಇಟ್ಟುಕೊಳ್ಳಿ. ಮೊದಲ ಸ್ಕ್ಯಾನಿನ ಸಿ.ಡಿ.ಯನ್ನೂ ಮರೆಯಬೇಡಿ, ಎಂಟು ಮಿಲಿಮೀಟರಿನ ಗಂಟು ಎಂಟರಲ್ಲೇ ನಿಂತಿದೆಯೇ ಎಂದು ನೋಡಲು ಅವರಿಗೆ ಹಳೆಯ ಚಿತ್ರ ಪಕ್ಕದಲ್ಲಿರಬೇಕು.

– ಸಂಪಾದಕ