ರೋಡ್ಸ್ ಪ್ರತಿಮೆ ತೆಗೆದಿದ್ದು ಸರಿಯಾ?

ಪ್ರಶ್ನೆ: ಸರ್, ಕೇಪ್‌ಟೌನ್ ಯೂನಿವರ್ಸಿಟಿಲಿ ಸೆಸಿಲ್ ರೋಡ್ಸ್ ಪ್ರತಿಮೆನ ಕ್ರೇನ್ ತರಿಸಿ ಎತ್ತಿದ ವಿಡಿಯೋ ನೋಡ್ದೆ. ಯೂನಿವರ್ಸಿಟಿ ಇರೋ ಜಾಗನೇ ಅವನು ಬಿಟ್ಟುಹೋಗಿದ್ದಂತೆ. ಜಾಗ ಕೊಟ್ಟವನನ್ನೇ ಹೊರಗೆ ಹಾಕಿದ್ರೆ ಇತಿಹಾಸ ಅಳಿಸಿದ ಹಾಗಾಗಲ್ವಾ?
– ಓದುಗರು, ಶಿವಮೊಗ್ಗ

ಉತ್ತರ: ಜಾಗ ಅವನದ್ದೇ ಎಸ್ಟೇಟ್‌ದು, ನಿಜ. ಆದ್ರೆ ಆ ಆಸ್ತಿ ಅವನಿಗೆ ಎಲ್ಲಿಂದ ಬಂತು ಅಂತಾನೂ ಕೇಳ್ಬೇಕಲ್ವಾ? ರೋಡ್ಸ್ ಬರೀ ವಜ್ರದ ಗಣಿ ಮಾಲೀಕ ಅಲ್ಲ, 1890ರಿಂದ 1896ರವರೆಗೆ ದಕ್ಷಿಣ ಆಫ್ರಿಕಾದ ಬ್ರಿಟಿಷ್ ವಸಾಹತು ಕೇಪ್ ಕಾಲೊನಿಯ ಪ್ರಧಾನಿ. 1892ರಲ್ಲಿ ಓಟು ಹಾಕೋಕೆ ಇರ್ಬೇಕಾದ ಆಸ್ತಿಯ ಮೊತ್ತನ 25 ಪೌಂಡ್‌ನಿಂದ 75ಕ್ಕೆ ಏರಿಸಿದ್ರು, ಅದರಿಂದ ಸಾವಿರಾರು ಕರಿಯರ ಓಟು ಹೋಯ್ತು. 1894ರ ಗ್ಲೆನ್ ಗ್ರೇ ಕಾಯ್ದೆ ಇನ್ನೂ ಕೆಟ್ಟದ್ದು, ಊರು ಬಿಟ್ಟು ಹೊರಗೆ ಕೂಲಿಗೆ ಹೋಗದೆ ಇದ್ದ ಗಂಡಸರ ಮೇಲೆ ವರ್ಷಕ್ಕೆ 10 ಶಿಲ್ಲಿಂಗ್ ತೆರಿಗೆ, ಅಂದ್ರೆ ಸ್ವಂತ ಊರಲ್ಲೇ ಉಳಿದಿದ್ದಕ್ಕೇ ದಂಡ! ಊರ ಕೆರೆ ಒತ್ತುವರಿ ಮಾಡಿ ಲೇಔಟ್ ಮಾರಿದವನು ಅದ್ರಲ್ಲೊಂದು ಸೈಟ್ ಶಾಲೆಗೆ ಕೊಟ್ಟ ಅಂತ ಶಾಲೆ ಮುಂದೆ ಅವನ ಪ್ರತಿಮೆ ನಿಲ್ಲಿಸಿದ್ರೆ, ಆ ಊರಿನ ರೈತನ ಮಗಳಿಗೆ ದಿನಾ ಅದನ್ನ ದಾಟಿ ಒಳಗೆ ಹೋಗೋಕೆ ಹೇಗನ್ಸುತ್ತೆ?

ಇನ್ನೊಂದು ವಿಷಯ, ಈ ಜಗಳ 2015ರಲ್ಲಿ ಹುಟ್ಟಿದ್ದಲ್ಲ. 1934ರಲ್ಲಿ ಪ್ರತಿಮೆ ಬಂತು, 1950ರ ದಶಕದಲ್ಲೇ ಅಫ್ರಿಕಾನರ್ ವಿದ್ಯಾರ್ಥಿಗಳು ತೆಗೀರಿ ಅಂದಿದ್ರು, ಅವರು ಡಚ್ ಮೂಲದ ಬಿಳಿಯರೇ, ಅವರ ಸಿಟ್ಟಿಗೆ ಕಾರಣ ಬೇರೆ, ಬ್ರಿಟಿಷ್ ಸಾಮ್ರಾಜ್ಯದ ಮೇಲಿನ ಕೋಪ. 2015ರ ಮಾರ್ಚ್ 9ಕ್ಕೆ ಚುಮಾನಿ ಮ್ಯಾಕ್ಸ್ವೆಲೆ ಅನ್ನೋ ವಿದ್ಯಾರ್ಥಿ, ಸರಿಯಾದ ಶೌಚಾಲಯ ಕೂಡ ಇಲ್ಲದ ಖಾಯೆಲಿತ್ಶಾ ಬಡಾವಣೆಯಿಂದ ಮಲ ತಂದು ಪ್ರತಿಮೆ ಮೇಲೆ ಸುರಿದ. ಒಂದೇ ತಿಂಗಳು, ಏಪ್ರಿಲ್ 9ಕ್ಕೆ ಕ್ರೇನ್ ಬಂತು. ನೀವು ನೋಡಿದ ವಿಡಿಯೋದಲ್ಲಿ ರೆಕ್ಕೆ ಕಟ್ಕೊಂಡು ಪೀಠದ ಮೇಲೆ ನಿಂತ ಹೆಣ್ಮಗಳು ಕಂಡಿರಬಹುದು, ಕಲಾವಿದೆ ಸೆತೆಂಬಿಲೆ ಮ್ಸೆಜಾನೆ. ಗ್ರೇಟ್ ಜಿಂಬಾಬ್ವೆ ಅನ್ನೋ ಹಳೇ ಆಫ್ರಿಕನ್ ನಗರದ ಕಲ್ಲಿನ ಹಕ್ಕಿಯ ರೂಪದಲ್ಲಿ ಬಿಸಿಲಲ್ಲಿ ಗಂಟೆಗಟ್ಟಲೆ ಹೈ ಹೀಲ್ಸ್ ಹಾಕ್ಕೊಂಡೇ ನಿಂತಿದ್ರು, ಪ್ರತಿಮೆ ಮೇಲೇಳ್ತಿದ್ದ ಹಾಗೆ ಕೂದಲಿನಿಂದ ಮಾಡಿದ ಆ ರೆಕ್ಕೆ ಎತ್ತಿದ್ರು. ಅಂಥದ್ದೇ ಒಂದು ಹಕ್ಕಿ ಶಿಲ್ಪನ ರೋಡ್ಸ್ ತನ್ನ ಬಂಗಲೇಲಿ ತಂದಿಟ್ಕೊಂಡಿದ್ದ. ಇಷ್ಟೆಲ್ಲಾ ಜನಕ್ಕೆ ಗೊತ್ತಾಗಿದ್ದು ಪ್ರತಿಮೆ ತೆಗೆಯೋ ಹೊತ್ತಲ್ಲೇ, ಎಂಬತ್ತು ವರ್ಷ ಅದು ಕೂತಿದ್ದಾಗ ಅಲ್ಲ. ಹಾಗಾಗಿ ಇತಿಹಾಸ ಅಳಿಸಿದ್ರು ಅನ್ನೋ ಮಾತನ್ನ ನಾನು ಒಪ್ಪಲ್ಲ. ತೆಗೆದಿದ್ದು ಮರ್ಯಾದೆಯ ಜಾಗದಿಂದ, ಅಷ್ಟೇ.

ಪ್ರಶ್ನೆ: ನಮ್ಮ ಗಿರೀಶ ಕಾರ್ನಾಡರು ಆಕ್ಸ್‌ಫರ್ಡ್‌ಗೆ ಹೋಗಿದ್ದು ರೋಡ್ಸ್ ಸ್ಕಾಲರ್‌ಶಿಪ್ ಮೇಲೇ ಅಲ್ವಾ? ರೋಡ್ಸ್ ಬಿಟ್ಟುಹೋದ ದುಡ್ಡು ತಗೊಂಡು ಅವನ ಪ್ರತಿಮೆ ಬೇಡ ಅನ್ನೋದು ಯಾವ ನ್ಯಾಯ?
– ಓದುಗರು, ಧಾರವಾಡ

ಉತ್ತರ: ಹೌದು, 1960ರಲ್ಲಿ ಹೋದ್ರು, ಆಕ್ಸ್‌ಫರ್ಡ್ ಯೂನಿಯನ್ ಅನ್ನೋ ಚರ್ಚಾಕೂಟದ ಅಧ್ಯಕ್ಷರೂ ಆದ್ರು. ಆಕ್ಸ್‌ಫರ್ಡಲ್ಲಿ ಇರೋ ರೋಡ್ಸ್ ಪ್ರತಿಮೆ ತೆಗೀರಿ ಅನ್ನೋ ಚಳವಳಿ ಮುಂದೆ ನಿಂತ ದಕ್ಷಿಣ ಆಫ್ರಿಕಾದ ಹುಡುಗನೂ ಅದೇ ಸ್ಕಾಲರ್‌ಶಿಪ್ ಪಡೆದವನು, ಅವನಿಗೂ ಇದೇ ಮಾತು ಅಂದ್ರು. ಆ ದುಡ್ಡು ಆಫ್ರಿಕಾದ ನೆಲದಿಂದ, ಅಲ್ಲಿನವರ ಬೆವರಿಂದ ಬಂದಿದ್ದು ಸ್ವಾಮಿ. ಅಲ್ಲಿನ ಮಕ್ಕಳು ಓದೋಕೆ ತಗೊಂಡ್ರೆ ಅದು ಋಣ ಹೇಗಾಗುತ್ತೆ? ಭಾರತದವರಿಗೆ 1947ರಿಂದ ಸಿಕ್ತು, ಹೆಣ್ಮಕ್ಕಳಿಗಂತೂ 1977ರವರೆಗೆ ಬಾಗಿಲೇ ತೆಗೆದಿರಲಿಲ್ಲ, ರೋಡ್ಸ್ ಉಯಿಲಲ್ಲಿ ಬರೆದಿಟ್ಟ ಷರತ್ತು ಬದಲಾಯಿಸಬಹುದಾದ್ರೆ ಪ್ರತಿಮೆ ಯಾಕಾಗಬಾರದು?

ಪ್ರಶ್ನೆ: ಹಾಗಾದ್ರೆ ಆಕ್ಸ್‌ಫರ್ಡಲ್ಲಿರೋದನ್ನೂ ತೆಗೆದ್ರಾ?
– ಓದುಗರು, ಮೈಸೂರು

ಉತ್ತರ: ಇಲ್ಲ. ಆ ಪ್ರತಿಮೆ ಇರೋ ಓರಿಯಲ್ ಕಾಲೇಜು 2020ರ ಜೂನಲ್ಲಿ ತೆಗೆಯೋ ಇಚ್ಛೆ ಇದೆ ಅಂತು, ಕಮಿಷನ್ ಮಾಡ್ತು, ಅದರ ಬಹುತೇಕ ಸದಸ್ಯರೂ ತೆಗೆಯೋ ಪರವಾಗೇ ಇದ್ರು. ಆಮೇಲೆ 2021ರ ಮೇನಲ್ಲಿ ಖರ್ಚು ಜಾಸ್ತಿ, ಪಾರಂಪರಿಕ ಕಟ್ಟಡದ ಪರ್ಮಿಷನ್ ತೊಡಕು ಅಂತ ಕೈಬಿಟ್ರು, ನನಗಂತೂ ಅದು ಬೇಜಾರಾಯ್ತು. ಬದಲಿಗೆ ವಿವರಣೆಯ ಒಂದು ಫಲಕ ಹಾಕಿದ್ರು. ಪ್ರತಿಮೆ ಹೈ ಸ್ಟ್ರೀಟ್ ಕಡೆ ಕಟ್ಟಡದ ಮೇಲೆ ಇದೆ, ಇಬ್ಬರು ಬ್ರಿಟಿಷ್ ರಾಜರ ಪ್ರತಿಮೆಗಿಂತಲೂ ಎತ್ತರದಲ್ಲಿ.