ಅಧಿಕಾರ ಕೈಗೆ ಬಂದರೆ ಕ್ರೈಸ್ತನಾದವನು ಅದನ್ನು ಹೇಗೆ ನಡೆಸಬೇಕು?

ನಿಮ್ಮ ಪ್ರಶ್ನೆ ಓದಿದೆ. ಕೆಲಸದಲ್ಲಿ ಈಗ ನಿಮ್ಮ ಕೈಕೆಳಗೆ ಒಂದು ತಂಡ ಇದೆ. ನಿಮ್ಮ ಚರ್ಚಿನ ಸಭೆಯಲ್ಲೂ ಆಡಳಿತ ಸಮಿತಿಗೆ ಆರಿಸಿದ್ದಾರೆ. ಇದನ್ನೆಲ್ಲ ಬೇಡ ಅಂದುಬಿಡಲಾ, ಇಟ್ಟುಕೊಂಡರೆ ಅಹಂಕಾರ ಬರದ ಹಾಗೆ ನೋಡಿಕೊಳ್ಳೋದು ಹೇಗೆ, ಎಷ್ಟು ದಿನ ಅಲ್ಲಿರಬೇಕು ಅಂತ ಕೇಳಿದ್ದೀರಿ.

ಬೇಡ ಅನ್ನಬೇಡಿ. ನೀವು ಬಿಟ್ಟ ಕುರ್ಚಿ ಖಾಲಿ ಇರೋದಿಲ್ಲ, ಅದರ ಮೇಲೆ ಕಣ್ಣಿಟ್ಟವರು ಇದ್ದೇ ಇರುತ್ತಾರೆ. ಇನ್ನು ಅಹಂಕಾರದ ವಿಷಯ. ಅದು ಬಂದಿದೆಯಾ ಅಂತ ದಿನಾ ಮನಸ್ಸು ತಡಕಿಕೊಂಡು ಕೂತರೆ ಜಾಸ್ತಿ ಪ್ರಯೋಜನ ಇಲ್ಲ. ಬಂದವರಿಗೆ ಅದು ಗೊತ್ತಾಗೋದೇ ಇಲ್ಲ. ತಲೆ ನೆಟ್ಟಗಿರುವಾಗಲೇ ಬೇಲಿ ಹಾಕಿಕೊಳ್ಳಿ. ನಿಮ್ಮ ಮುಂದೆ ಕೂತು "ಇದು ಆಗಲ್ಲ" ಅನ್ನುವ ಹಕ್ಕು ಯಾರಿಗಾದರೂ ಇರಲಿ.

ಇದು ನನ್ನ ಸ್ವಂತ ಬುದ್ಧಿ ಅಲ್ಲ. ಬೈಬಲಿನಲ್ಲಿ ಧರ್ಮೋಪದೇಶಕಾಂಡ 17ನೇ ಅಧ್ಯಾಯ ತೆಗೆದು ನೋಡಿ. ಇಸ್ರಾಯೇಲಿನಲ್ಲಿ ಆಗ ಅರಸನೇ ಇರಲಿಲ್ಲ. ಮುಂದೆ ಬರುವ ಅರಸನಿಗೆ ಆಗಲೇ ಮಿತಿ ಬರೆದಿಟ್ಟಿದ್ದಾರೆ. ಕುದುರೆ ಕೂಡಿಹಾಕಬಾರದು, ಹೆಂಡತಿಯರನ್ನು ಹೆಚ್ಚಿಸಿಕೊಳ್ಳಬಾರದು, ಬೆಳ್ಳಿಬಂಗಾರ ಗುಡ್ಡೆ ಹಾಕಬಾರದು. ಧರ್ಮಶಾಸ್ತ್ರದ ಒಂದು ಪ್ರತಿ ಬರೆಸಿ ಹತ್ತಿರ ಇಟ್ಟುಕೊಂಡು ಬದುಕಿರುವವರೆಗೂ ದಿನಾ ಓದಬೇಕು. ಯಾಕೆ? ತನ್ನ ಸಹೋದರರಿಗಿಂತ ತಾನು ದೊಡ್ಡವನು ಅಂತ ಅವನ ಮನಸ್ಸು ಉಬ್ಬಬಾರದು ಅಂತ.

ಮುಂದೆ ಅರಸನಾದ ಸೊಲೊಮೋನ ಈ ಮೂರು ಮಿತಿಗಳನ್ನೂ ಮುರಿದ. 1 ಅರಸುಗಳು 10 ಮತ್ತು 11ನೇ ಅಧ್ಯಾಯ ಓದಿದರೆ ಲೆಕ್ಕ ಸಿಗುತ್ತದೆ. ಒಂದೇ ವರ್ಷಕ್ಕೆ 666 ತಲಾಂತು (ಆಗಿನ ಒಂದು ದೊಡ್ಡ ತೂಕ) ಬಂಗಾರ, 1,400 ರಥ, 700 ರಾಣಿಯರು, 300 ಉಪಪತ್ನಿಯರು. ಜ್ಞಾನಕ್ಕೆ ಹೆಸರಾದವನ ಗತಿ ಇದು. ಅಂದಮೇಲೆ ನಮ್ಮ ವಿವೇಕದ ಮೇಲೆ ನಾವೇ ಭರವಸೆ ಇಡೋದು ಎಷ್ಟು ಸರಿ, ಹೇಳಿ.

ಅಧಿಕಾರವನ್ನು ಚೆನ್ನಾಗಿ ನಡೆಸಿದವರಲ್ಲಿ ನನಗೆ ತುಂಬಾ ಇಷ್ಟ ನೆಹೆಮೀಯ. ಜನ ಅವನನ್ನು ಗೋಡೆ ಕಟ್ಟಿಸಿದವನು ಅಂತ ನೆನಪಿಡುತ್ತಾರೆ. ನಾನು ಓದಿ ಅಂತ ಹೇಳೋದು ಅವನ ಪುಸ್ತಕದ 5ನೇ ಅಧ್ಯಾಯವನ್ನು. ಅವನು 12 ವರ್ಷ ಯೆಹೂದದ ಅಧಿಪತಿಯಾಗಿದ್ದ. ಆ ಹುದ್ದೆಗೆ ಸಲ್ಲಬೇಕಾದ ಆಹಾರಭತ್ಯವನ್ನು ಮುಟ್ಟಲಿಲ್ಲ. ಅವನಿಗಿಂತ ಮುಂಚೆ ಇದ್ದವರು ಜನರಿಂದ ಆಹಾರ, ದ್ರಾಕ್ಷಾರಸ, ಅದರ ಜೊತೆಗೆ 40 ಶೆಕೆಲ್ ಬೆಳ್ಳಿ ವಸೂಲಿ ಮಾಡುತ್ತಿದ್ದರು. ಅದೇ ವಚನದಲ್ಲಿ ಇನ್ನೊಂದು ಮಾತಿದೆ, ಓದುವಾಗ ಸುಮ್ನೆ ದಾಟಿಹೋಗುತ್ತೇವೆ. ಆ ಅಧಿಪತಿಗಳ ಆಳುಗಳೂ ಜನರ ಮೇಲೆ ದಬ್ಬಾಳಿಕೆ ಮಾಡುತ್ತಿದ್ದರಂತೆ. ಅಧಿಕಾರ ಹೀಗೇ ಹರಿಯುತ್ತದೆ. ನೀವು ಒಳ್ಳೆಯವರೇ ಇರಬಹುದು. "ಸಾಹೇಬರಿಗೆ ಹೇಳ್ತೀನಿ ನೋಡು" ಅಂತ ನಿಮ್ಮ ಹೆಸರಲ್ಲಿ ಹೆದರಿಸುವವರು ನಿಮ್ಮ ಸುತ್ತ ಹುಟ್ಟಿಕೊಳ್ಳುತ್ತಾರೆ. ಅದು ನಿಮ್ಮ ಕಿವಿಗೆ ಬೀಳುವ ದಾರಿ ಇದೆಯಾ ಅಂತ ನೋಡಿಕೊಳ್ಳಿ.

ಹಾಗಂತ ನೆಹೆಮೀಯ ಕೈಕಟ್ಟಿ ಕೂರಲಿಲ್ಲ. ಸಾಲಕ್ಕಾಗಿ ಬಡವರ ಹೊಲ, ತೋಟ, ಮನೆಗಳನ್ನು ಹಿಡಿದಿಟ್ಟಿದ್ದ ಶ್ರೀಮಂತರನ್ನು ಎಲ್ಲರ ಮುಂದೆ ಕರೆಸಿ, ವಾಪಸ್ ಕೊಡಿಸಿ, ಪ್ರಮಾಣ ಮಾಡಿಸಿದ. ತನಗೆ ಸಿಗಬೇಕಾದದ್ದನ್ನು ಬಿಟ್ಟ, ಬೇರೆಯವರಿಗೆ ಸಿಗಬೇಕಾದದ್ದಕ್ಕೆ ಗಟ್ಟಿಯಾಗಿ ನಿಂತ. ಕೆಲಸದ ಜಾಗದಲ್ಲೂ ಇದು ನಡೆಯುತ್ತದೆ. ತಂಡದ ಒಬ್ಬರಿಗೆ ಅನ್ಯಾಯವಾಗಿ ರಜೆ ತಪ್ಪಿದರೆ ನೀವು ಮೇಲಿನವರ ಹತ್ತಿರ ಜಗಳ ಆಡಲೇಬೇಕು. ಅಲ್ಲಿ "ನಾನು ದೀನ" ಅಂತ ಸುಮ್ಮನಿದ್ದರೆ ಅದು ಹೇಡಿತನ, ಅಷ್ಟೇ.

ಈಗ ಸಭೆಯ ವಿಷಯ. ಇದು ಆಫೀಸಿಗಿಂತ ಕಷ್ಟ, ಯಾಕೆಂದರೆ ಇಲ್ಲಿ ದೇವರ ಹೆಸರೂ ಕೈಗೆ ಸಿಗುತ್ತದೆ. ನಾನೂ ಒಂದು ಸಭೆಯ ಸಮಿತಿಯಲ್ಲಿ ಹಲವು ವರ್ಷ ಇದ್ದೆ. ಹೊಸ ಕಟ್ಟಡದ ಬಗ್ಗೆ ಮೀಟಿಂಗ್. ಅಧ್ಯಕ್ಷರು ಬೈಬಲ್ ಮುಚ್ಚಿ ಹೇಳಿದರು: "ನಾನು ಉಪವಾಸ ಪ್ರಾರ್ಥನೆ ಮಾಡಿದ್ದೇನೆ. ದೇವರು ಸ್ಪಷ್ಟವಾಗಿ ತೋರಿಸಿದ್ದಾರೆ. ಎಲ್ಲರಿಗೂ ಒಪ್ಪಿಗೆ ತಾನೆ?" ಕೇಳುತ್ತಲೇ ಫೈಲ್ ಕಟ್ಟುತ್ತಿದ್ದರು. ಎಲ್ಲರೂ ತಲೆ ಆಡಿಸಿದರು. ಮಹಿಳಾ ಸಂಘದಿಂದ ಬಂದಿದ್ದ ಒಬ್ಬ ಹಿರಿಯ ಅಮ್ಮ ಮಾತ್ರ ಕನ್ನಡಕ ಸರಿಮಾಡಿಕೊಂಡು, "ಅಯ್ಯಾ, ದುಡ್ಡು ಎಲ್ಲಿಂದ ಬರುತ್ತೆ ಅಂತಾನೂ ತೋರಿಸಿದ್ರಾ?" ಅಂದರು. ಒಂದು ಕ್ಷಣ ಯಾರೂ ಉಸಿರೆತ್ತಲಿಲ್ಲ. ಆಮೇಲೆ ಒಬ್ಬೊಬ್ಬರಾಗಿ ಬಾಯಿ ಬಿಟ್ಟರು. ಫೈಲ್ ಮತ್ತೆ ಬಿಚ್ಚಬೇಕಾಯಿತು. ಅಧ್ಯಕ್ಷರು ಸುಳ್ಳು ಹೇಳಿದರು ಅಂತ ನಾನು ಹೇಳುತ್ತಿಲ್ಲ. ಆದರೆ "ದೇವರು ಹೇಳಿದ್ದಾರೆ" ಅಂದಮೇಲೆ ಎದುರು ಮಾತಾಡಿದವನು ದೇವರಿಗೇ ಎದುರು ನಿಂತ ಹಾಗಾಗುತ್ತದೆ, ಅಲ್ವಾ? ನೀವು ಸಮಿತಿಯಲ್ಲಿ ಆ ಮಾತು ಬಳಸಲೇಬೇಡಿ. "ನನಗೆ ಹೀಗನ್ನಿಸುತ್ತೆ, ನೀವೆಲ್ಲ ಪರೀಕ್ಷಿಸಿ ನೋಡಿ" ಅನ್ನಿ.

ಇನ್ನೊಂದು ವಚನವನ್ನೂ ಹೀಗೇ ಬಳಸುತ್ತಾರೆ: "ನಾನು ಅಭಿಷೇಕಿಸಿದವರನ್ನು ಮುಟ್ಟಬೇಡಿ." ಪಾಸ್ಟರನ್ನು ಯಾರಾದರೂ ಲೆಕ್ಕ ಕೇಳಿದರೆ ತಕ್ಷಣ ಇದು ಹೊರಬರುತ್ತದೆ. ಕೀರ್ತನೆ 105ನ್ನು ಮೊದಲಿನಿಂದ ಓದಿ. ಅಲ್ಲಿ ಅಭಿಷಿಕ್ತರು ಅಂದರೆ ಅಬ್ರಹಾಮ, ಇಸಾಕ, ಯಾಕೋಬರಂಥವರು. ಸ್ವಲ್ಪವೇ ಜನ, ಪರದೇಶದಲ್ಲಿ ಅಲೆಯುವವರು. ಮುಟ್ಟಬೇಡಿ ಅಂತ ದೇವರು ಗದರಿಸಿದ್ದು ಅರಸರನ್ನು. ಬಲ ಇಲ್ಲದವರನ್ನು ಬಲ ಇದ್ದವರಿಂದ ಕಾಯುವ ವಚನ ಅದು. ನಾವು ಅದನ್ನು ತಲೆಕೆಳಗು ಮಾಡಿ ಬಲ ಇದ್ದವರಿಗೇ ಗುರಾಣಿ ಮಾಡಿದ್ದೇವೆ. ದಾವೀದ ಅಭಿಷೇಕ ಹೊಂದಿದ ಅರಸನೇ ಆಗಿದ್ದ. ಅವನು ತಪ್ಪು ಮಾಡಿದಾಗ ನಾತಾನ ಪ್ರವಾದಿ ಒಬ್ಬ ಅನ್ಯಾಯಗಾರನ ಕಥೆ ಹೇಳಿ, ಅವನ ಮುಖಕ್ಕೇ "ಆ ಮನುಷ್ಯ ನೀನೇ" ಅಂದ. ದಾವೀದ ಅವನನ್ನು ಹೊರಗೆ ಹಾಕಿಸಲಿಲ್ಲ. "ಪಾಪಮಾಡಿದ್ದೇನೆ" ಅಂದ.

ಚರಿತ್ರೆಯಲ್ಲೂ ಹಾಗೆ ಕೇಳಿಸಿಕೊಂಡವರಿದ್ದಾರೆ. 390ರಲ್ಲಿ ಥೆಸಲೋನಿಕದಲ್ಲಿ ರೋಮ್ ಚಕ್ರವರ್ತಿ ಥಿಯೊಡೋಸಿಯಸ್‌ನ ಸೈನಿಕರು ಊರವರ ಕಗ್ಗೊಲೆ ಮಾಡಿದರು. ಪಶ್ಚಾತ್ತಾಪ ಪಡುವವರೆಗೂ ನಿಮ್ಮ ಎದುರು ಪ್ರಭುಭೋಜನದ ಆರಾಧನೆ ನಡೆಸಲಾರೆ ಅಂತ ಮಿಲಾನಿನ ಬಿಷಪ್ ಆಂಬ್ರೋಸ್ ಅವನಿಗೇ ಪತ್ರ ಬರೆದರು. ಚಕ್ರವರ್ತಿ ಜನರೆದುರೇ ಪಶ್ಚಾತ್ತಾಪ ಪಟ್ಟ.

ಯೇಸು ಶಿಷ್ಯರ ಕಾಲು ತೊಳೆದದ್ದನ್ನು ನೀವೂ ಎತ್ತಿದ್ದೀರಿ. ಯೋಹಾನ 13ರಲ್ಲಿ, ತಂದೆ ಎಲ್ಲವನ್ನೂ ತನ್ನ ಕೈಗೆ ಕೊಟ್ಟಿದ್ದಾನೆ ಅಂತ ತಿಳಿದೇ ಯೇಸು ಊಟದಿಂದ ಎದ್ದರು ಅಂತ ಇದೆ. ಅಧಿಕಾರ ಇಲ್ಲ ಅಂತ ನಟಿಸಲಿಲ್ಲ. ಪಾದ ತೊಳೆಯುವುದನ್ನು ನಾವು ವರ್ಷಕ್ಕೊಮ್ಮೆ ಆಚರಣೆ ಮಾಡಿಕೊಂಡಿದ್ದೇವೆ, ಅದು ಸುಲಭ. ವರ್ಷಕ್ಕೊಮ್ಮೆ ಪಾದ ತೊಳೆದು, ಕಾಣಿಕೆಯ ಲೆಕ್ಕವನ್ನು ಮಾತ್ರ ಯಾರಿಗೂ ತೋರಿಸದವರನ್ನು ಕಂಡಿದ್ದೇನೆ. ಹನ್ನೆರಡು ಶಿಷ್ಯರಲ್ಲಿ ಇಬ್ಬರು, ಜೆಬೆದಾಯನ ಮಕ್ಕಳು, ಯೇಸುವಿನ ಎಡಬಲದ ಸ್ಥಾನ ಕೇಳಿದಾಗ ಉಳಿದ ಹತ್ತು ಜನಕ್ಕೆ ಸಿಟ್ಟು ಬಂತು ಅಂತ ಮಾರ್ಕ ಬರೆಯುತ್ತಾನೆ. ಆ ಸ್ಥಾನದ ಮೇಲೆ ಅವರಿಗೂ ಆಸೆ ಇದ್ದದ್ದಕ್ಕೇ ಸಿಟ್ಟು ಅಂತ ನನ್ನ ಗುಮಾನಿ.

ಇಷ್ಟು ಮಾಡಿ. ಮೀಟಿಂಗ್‌ನಲ್ಲಿ ನೀವು ಕೊನೆಗೆ ಮಾತಾಡಿ. ಮುಖ್ಯಸ್ಥರು ಮೊದಲು ಬಾಯಿ ತೆರೆದರೆ ಉಳಿದವರ ಅಭಿಪ್ರಾಯ ಅಲ್ಲೇ ಸಾಯುತ್ತದೆ. ಸಂತ ಬೆನೆಡಿಕ್ಟರು 6ನೇ ಶತಮಾನದಲ್ಲಿ ಮಠಕ್ಕೆ ಬರೆದ ನಿಯಮದ 3ನೇ ಅಧ್ಯಾಯದಲ್ಲೇ ಇದಿದೆ. ಮುಖ್ಯವಾದ ವಿಷಯಕ್ಕೆ ಎಲ್ಲರನ್ನೂ ಕರೆದು ಕೇಳಬೇಕು, ಎಷ್ಟೋ ಸಲ ದೇವರು ಒಳ್ಳೆಯದನ್ನು ಕಿರಿಯವನಿಗೇ ತಿಳಿಸುತ್ತಾರೆ ಅಂತ. ದುಡ್ಡಿನ ವ್ಯವಹಾರದಲ್ಲಿ ನಿಮ್ಮೊಬ್ಬರ ಸಹಿ ಸಾಕಾಗದ ಹಾಗೆ ಮಾಡಿ. ಎರಡನೇ ಸಹಿ ನಿಮ್ಮ ನೆಂಟರದ್ದಾಗಲಿ, ನಿಮ್ಮಿಂದ ಉಪಕಾರ ಪಡೆದವರದ್ದಾಗಲಿ ಬೇಡ. ಕೆಲಸದಲ್ಲಿ ತಂಡದ ಕಿರಿಯರು ತಪ್ಪು ತೋರಿಸಿದರೆ ಮುಂದಿನ ಮೀಟಿಂಗ್‌ನಲ್ಲಿ ಅವರ ಹೆಸರು ಹೇಳಿ ಅದನ್ನು ತಿದ್ದಿ. ಆಮೇಲೆ ಬೇರೆಯವರಿಗೂ ಧೈರ್ಯ ಬರುತ್ತದೆ.

ಎಷ್ಟು ದಿನ ಇರಬೇಕು ಅನ್ನೋದಕ್ಕೆ ಉತ್ತರ: ಈಗಲೇ ತಾರೀಖು ಹಾಕಿ. ಇಸ್ರಾಯೇಲನ್ನು ನಡೆಸುತ್ತಿದ್ದ ಸಮುವೇಲ ವಯಸ್ಸಾದ ಮೇಲೆ ಜನರೆದುರು ನಿಂತು, ಯಾರ ಎತ್ತು ತಗೊಂಡೆ, ಯಾರ ಕತ್ತೆ ತಗೊಂಡೆ, ಯಾರಿಂದ ಲಂಚ ತಿಂದೆ, ಹೇಳಿ, ವಾಪಸ್ ಕೊಡುತ್ತೇನೆ ಅಂದ. ಹಾಗೆ ಕೇಳಬೇಕಾದ ದಿನ ಒಂದು ಗೊತ್ತಾಗಿದ್ದರೆ ನಡುವಿನ ದಿನಗಳು ತಾವೇ ಬಿಗಿಯಾಗಿ ನಡೆಯುತ್ತವೆ. ನಿಮ್ಮ ಸಮಿತಿಯ ನಿಯಮಾವಳಿಯಲ್ಲಿ ಅವಧಿ ಬರೆದಿಲ್ಲ ಅಂತಾದರೆ ಮೊದಲ ಮೀಟಿಂಗ್‌ನಲ್ಲೇ ಆ ವಿಷಯ ಎತ್ತಿ. ಹೊಸಬರಾಗಿದ್ದಾಗ ಎತ್ತಿದರೆ ಯಾರೂ ಬೇಜಾರು ಮಾಡಿಕೊಳ್ಳೋದಿಲ್ಲ.