ಹಾಸಿದ ಹುಲ್ಲು ಬೇರು ಹಿಡಿಯದಿದ್ದರೆ ಯೂರಿಯಾ ಸುರಿಯಬೇಡಿ

ಪ್ರಶ್ನೆ: ತೀರ್ಥಹಳ್ಳಿಯ ನಮ್ಮ ಹೊಸ ಮನೆಯಂಗಳಕ್ಕೆ ಜೂನ್ ಕೊನೆಯಲ್ಲಿ, ಮಣ್ಣು ಸಮೇತ ಕತ್ತರಿಸಿ ತಂದ ಮೆಕ್ಸಿಕನ್ ಹುಲ್ಲಿನ ಹಾಳೆಗಳನ್ನು ಹಾಸಿಸಿದೆವು. ತಿಂಗಳಾಗುವಷ್ಟರಲ್ಲಿ ಹಳದಿಯಾಗಿವೆ, ಎತ್ತಿದರೆ ಚಾಪೆಯಂತೆ ಸುರುಳಿಯಾಗಿ ಬರುತ್ತವೆ. ಹಾಸಿದವರು ಯೂರಿಯಾ ಮತ್ತು ಬೇರು ಬರಿಸುವ ಪುಡಿ ಹಾಕಿ ಎನ್ನುತ್ತಾರೆ. ಹಾಕಬಹುದೇ?

ಉತ್ತರ: ಹಾಕಬೇಡಿ. ಮಳೆಗಾಲ ಬಂತೆಂದರೆ ಸಾಗರ, ಹೊಸನಗರ, ತೀರ್ಥಹಳ್ಳಿಗಳಿಂದ ಇದೇ ಪ್ರಶ್ನೆ ಬರುತ್ತದೆ. ಎಲ್ಲರೂ ಗೊಬ್ಬರದ ಹೆಸರು ಕೇಳುತ್ತಾರೆಯೇ ಹೊರತು ಹಾಳೆಯ ಅಡಿಯಲ್ಲಿ ಏನಿದೆ ಎಂಬುದನ್ನು ಬರೆಯುವುದಿಲ್ಲ. ಎರಡು ಮೂರು ವಾರಗಳಲ್ಲಿ ಕೆಳಗಿನ ನೆಲಕ್ಕೆ ಇಳಿಯಬೇಕಿದ್ದ ಬೇರು ಇಳಿದಿಲ್ಲವೆಂದರೆ ಅಲ್ಲಿ ಮಣ್ಣಿಲ್ಲ, ಇಲ್ಲವೇ ಮಣ್ಣಿನಲ್ಲಿ ಗಾಳಿಯಿಲ್ಲ. ನಮ್ಮ ಕಡೆ ಧರೆ ಕಡಿದು ನಿವೇಶನ ಸಮ ಮಾಡುವಾಗ ಮೇಲಿನ ಫಲವತ್ತಾದ ಮಣ್ಣು ಮೊದಲು ಹೋಗುತ್ತದೆ. ಉಳಿದ ಜಂಬಿಟ್ಟಿಗೆಯ ನೆಲವನ್ನು ಲಾರಿಗಳು ತುಳಿದು ಗಟ್ಟಿ ಮಾಡುತ್ತವೆ. ಅದರ ಮೇಲೆ ಸಿಮೆಂಟಿನ ಚೂರು, ಜಲ್ಲಿ ಬೀಳುತ್ತವೆ. ಇಂಥ ನೆಲದ ಮೇಲೆ ಒಂದು ಅಂಗುಲ ಮಣ್ಣಿನ ಹುಲ್ಲನ್ನು ಹರಡಿದರೆ ಆಷಾಢದ ಮಳೆ ಎರಡರ ನಡುವೆ ನಿಲ್ಲುತ್ತದೆ, ಬೇರು ಉಸಿರುಗಟ್ಟಿ ಕೊಳೆಯುತ್ತದೆ. ಹೀರಿಕೊಳ್ಳುವ ಬೇರೇ ಇಲ್ಲದಿರುವಾಗ ಸುರಿದ ಯೂರಿಯಾ ಚರಂಡಿ ಸೇರುತ್ತದೆ. ಹೆಸರಿಲ್ಲದ ಪೊಟ್ಟಣದಲ್ಲಿ ಬೇರಿನ ಪುಡಿ ಮಾರುವವರನ್ನು ಗೇಟಿನಾಚೆಯಿಂದಲೇ ಕಳುಹಿಸಿ.

ಈಗ ಒಂದು ಹಾಳೆಯನ್ನು ಮಗುಚಿ ನೋಡಿ. ಬೇರು ಕಪ್ಪಾಗಿ ನಾರುತ್ತಿದ್ದರೆ ಆ ಭಾಗವನ್ನು ಎಸೆಯಿರಿ. ಬೇರು ಬೆಳ್ಳಗಿದ್ದರೆ ಹಾಳೆಗಳನ್ನು ನೀರು ನಿಲ್ಲದ ಇಳಿಜಾರಿನಲ್ಲಿ, ಬಿಸಿಲು ಬೀಳುವೆಡೆ, ಒಂದರ ಮೇಲೊಂದು ಪೇರಿಸದೆ ಹರಡಿಡಿ. ಮಳೆಯ ಜೋರು ಇಳಿದ ಮೇಲೆ, ಸೆಪ್ಟೆಂಬರ್ ಕೊನೆಯ ಹೊತ್ತಿಗೆ, ನೆಲವನ್ನು ಕನಿಷ್ಠ 15 ಸೆಂಟಿಮೀಟರ್ ಆಳ ಅಗೆದು, ಕಲ್ಲು ಆರಿಸಿ, ಕಳಿತ ಕೊಟ್ಟಿಗೆ ಗೊಬ್ಬರ ಬೆರೆಸಿ, ಮನೆಯಿಂದ ಹೊರಮುಖವಾಗಿ 10 ಅಡಿಗೆ 2 ಅಂಗುಲ ಇಳಿಜಾರು ಕೊಡಿ. ಮಲೆನಾಡಿನ ಮಣ್ಣು ಸಾಮಾನ್ಯವಾಗಿ ಹುಳಿ. ಆದರೂ ಮಣ್ಣು ಪರೀಕ್ಷೆ ಮಾಡಿಸದೆ ಹುಳಿ ತಗ್ಗಿಸಲೆಂದು ಸುಣ್ಣ ಹಾಕುವುದನ್ನು ನಾನು ಒಪ್ಪುವುದಿಲ್ಲ. ಒಂದು ಸಾಲಿನ ಸಂದು ಮುಂದಿನ ಸಾಲಿನ ಸಂದಿಗೆ ಎದುರಾಗದಂತೆ ಹಾಳೆಗಳನ್ನು ಹಾಸಿ, ಅಡಿಯಲ್ಲಿ ಪೊಳ್ಳು ಉಳಿಯದಂತೆ ರೋಲರ್ ಎಳೆಯಿರಿ. ಹಾಳೆ ಸಾಲದಿದ್ದರೆ ಹೊಸದನ್ನು ಕೊಳ್ಳಬೇಡಿ. ಇರುವುದನ್ನೇ ಸಣ್ಣ ತುಂಡು ಮಾಡಿ ಅಂತರ ಬಿಟ್ಟು ನೆಡಿ. ನಿಧಾನವಾದರೂ ಅಂಗಳ ತುಂಬುತ್ತದೆ.

ಪ್ರಶ್ನೆ: ಹಲಸಿನ ಮರದ ಕೆಳಗೂ ಅದೇ ಹುಲ್ಲು ಹಾಸಬಹುದೇ?

ಉತ್ತರ: ಬೇಡ. ದಟ್ಟ ನೆರಳಿನಲ್ಲಿ ಅದು ಸೊರಗುತ್ತದೆ, ಅಲ್ಲಿ ತರಗೆಲೆಯನ್ನೇ ಬಿಡಿ.

ಪ್ರಶ್ನೆ: ಹಾಳೆಗಳ ಸಂದಿನಲ್ಲಿ ಕೊನ್ನಾರಿ ಕಳೆ ಎದ್ದಿದೆ, ಉಪ್ಪುನೀರು ಹೊಯ್ಯಬಹುದೇ?

ಉತ್ತರ: ಉಪ್ಪು ಮಣ್ಣನ್ನು ಕೆಡಿಸುತ್ತದೆ. ಗಡ್ಡೆ ಸಮೇತ ಅಗೆದು ತೆಗೆಯುವುದನ್ನು ಹಾಸುವ ಮೊದಲೇ ಮಾಡಬೇಕಿತ್ತು, ಈಗಲೂ ಅದನ್ನೇ ಮಾಡಿ.

ಪ್ರಶ್ನೆ: ಶನಿವಾರ ಹುಲ್ಲಿನ ಲೋಡು ಬರುತ್ತದೆ, ಆಳುಗಳು ಸೋಮವಾರ ಬರುತ್ತಾರೆ, ತೊಂದರೆಯೇ?

ಉತ್ತರ: ತೊಂದರೆಯೇ. ಪೇರಿಸಿಟ್ಟ ಹುಲ್ಲು ಒಳಗೇ ಕಾವು ಏರಿ ಬೇಯುತ್ತದೆ. ಕತ್ತರಿಸಿದ 24 ಗಂಟೆಯೊಳಗೆ ನೆಲ ಸೇರಬೇಕು, ಆದ್ದರಿಂದ ಲೋಡನ್ನೇ ಸೋಮವಾರಕ್ಕೆ ಹೇಳಿ.